ಖಾಲಿ ಮಾಡುವವರು ಯಾರು

ಶಹಾಬಾದಿನಿಂದ ಸಾಮಾನು ಹೇರಿಕೊಂಡು ಬಂದ ಟೆಂಪೊ ಸೇಡಂನ ಆ ಓಣಿಯಲ್ಲಿ ನಿಂತಾಗ ಬೆಳಗಿನ ಬಿಸಿಲು ಆಗಲೇ ಚುರುಗುಡುತ್ತಿತ್ತು. ಆನಂದತೀರ್ಥರು ಡ್ರೈವರನ ಪಕ್ಕದಿಂದ ಇಳಿದರು. ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದ ದೇವರ ಪೆಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದು, ಬಾಗಿಲಿಗೆ ಬೀಗ ಹಾಕಿರುತ್ತದೆ, ಕೀಲಿಕೈಯನ್ನು ಪಕ್ಕದ ಮನೆಯಲ್ಲಿ ಕೇಳಬೇಕು ಎಂದುಕೊಳ್ಳುತ್ತ ಮೆಟ್ಟಿಲು ಹತ್ತಿದರು. ಬೀಗ ಇರಲಿಲ್ಲ. ಬಾಗಿಲು ಹಾರು ಹೊಡೆದಿತ್ತು. ಒಳಗಿನಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬರುತ್ತಿತ್ತು. ಒಂದು ತಿಂಗಳ ಹಿಂದೆ ಈ ಮನೆಯನ್ನು ಅವರಿಗೆ ಮಾರಿ, ರಿಜಿಸ್ಟ್ರಿ ಮಾಡಿಕೊಟ್ಟಿದ್ದ ಕಲ್ಯಾಣಪ್ಪನವರು ಪಡಸಾಲೆಯಲ್ಲಿ ಬನಿಯನ್ನು, ಧೋತರದಲ್ಲಿ ಕೂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದರು.

"ಬರ್ರಿ ರಾಯರ, ಬರ್ರಿ. ಕುಂದ್ರಿ. ಏ, ಇನ್ನೊಂದು ಕಪ್ಪು ಚಾ ಇಡು. ರಾಯರು ಬಂದಾರ."

ಆನಂದತೀರ್ಥರು ಕೂತರು. ಕೂತ ಮೇಲೆ, ಯಾಕೆ ಕೂತೆ ಎಂದು ಅವರಿಗೇ ತಿಳಿಯಲಿಲ್ಲ. ಗೋಡೆಯ ಗಡಿಯಾರ, ಕಪಾಟು, ಹಗ್ಗದ ಮಂಚ, ಮೂಲೆಯ ತೊಗರಿ ಚೀಲ ಎಲ್ಲವೂ ಮನೆ ನೋಡಲು ಬಂದ ದಿನ ಎಲ್ಲಿದ್ದವೋ ಅಲ್ಲೇ ಇದ್ದವು. ಒಂದು ಲೋಟವನ್ನೂ ಕಟ್ಟಿಟ್ಟ ಹಾಗೆ ಕಾಣಲಿಲ್ಲ.

"ಸಾವಕಾರ್ರ, ಇವತ್ತಿನ ದಿವಸ ಅಂತ ಮಾತಾಗಿತ್ತಲ್ರಿ..." ಎಂದರು ಮೆಲ್ಲಗೆ.

"ಆಗಿತ್ತು. ಖರೇ ಅದ. ನಾನೇನು ಇಲ್ಲ ಅನ್ನಂಗಿಲ್ಲ," ಕಲ್ಯಾಣಪ್ಪನವರು ಬಸಿಯನ್ನು ಕೆಳಗಿಟ್ಟರು. ಮುಖ ಸಣ್ಣದಾಗಿತ್ತು. "ಚಿಂಚೋಳಿ ಮನಿ ಖಾಲಿ ಆಗವಲ್ದು ರಾಯರ. ಬಾಡಿಗಿಯವ ಇವತ್ತು ಬಿಡ್ತೀನಿ, ನಾಳಿ ಬಿಡ್ತೀನಿ ಅನ್ಲಿಕತ್ತಾನ. ನಿಮಗ ಮುಂಚೇನ ಹೇಳಬೇಕಿತ್ತು. ಹ್ಯಾಂಗ ಹೇಳ್ಲಿ ಅಂತ ದಿವಸಾ ದೂಡಿದೆ."

ಹೊರಗೆ ಟೆಂಪೊ ಡ್ರೈವರ ಹಾರ್ನ್ ಬಾರಿಸಿದ. ಅವನಿಗೆ ಮಧ್ಯಾಹ್ನದೊಳಗೆ ಶಹಾಬಾದಿಗೆ ಮರಳಿ ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರಬೇಕಿತ್ತು. ಆನಂದತೀರ್ಥರ ಹೆಂಡತಿ ನರ್ಮದಾ, ಕುಂಕುಮದ ಬಟ್ಟಲು ಮತ್ತು ಹಾಲಿನ ತಂಬಿಗೆ ಹಿಡಿದುಕೊಂಡು ಹೊಸಿಲಿನ ಹೊರಗೇ ನಿಂತಿದ್ದಳು. ಹೊಸ ಮನೆಯ ಒಲೆಯ ಮೇಲೆ ಮೊದಲು ಹಾಲು ಉಕ್ಕಿಸಬೇಕೆಂದು ಅವಳ ಲೆಕ್ಕ. ಒಳಗೆ ಒಲೆಯ ಮೇಲೆ ಆಗಲೇ ಬೇರೆಯವರ ಪಲ್ಯ ಬೇಯುತ್ತಿತ್ತು.

ಮರಳಿ ಹೋಗೋಣವೆಂದರೆ ಹೋಗಲು ಜಾಗವಿರಲಿಲ್ಲ. ಶಹಾಬಾದಿನ ಅವರ ಸ್ವಂತ ಮನೆಯಲ್ಲಿ ಅದೇ ಬೆಳಿಗ್ಗೆ ಗುಲ್ಶನ್ ಎಂಬ ಸರ್ಕಾರಿ ದವಾಖಾನೆಯ ನರ್ಸ್, ತಾಯಿ ರಹೀಮಾಳ ಜೊತೆ ಬಾಡಿಗೆಗೆ ಬಂದಿದ್ದಳು. ಇವರ ಟೆಂಪೊ ಓಣಿಯ ಈ ತುದಿಯಿಂದ ಹೊರಟಾಗ ಅವರ ಬಂಡಿ ಆ ತುದಿಯಿಂದ ಒಳಗೆ ಬರುತ್ತಿತ್ತು.

ಯೋಜನೆಯೆಲ್ಲ ನರ್ಮದಾಳದು. ಹೈಸ್ಕೂಲು ಶಿಕ್ಷಕಿಯಾಗಿದ್ದ ಅವಳಿಗೆ ಬಡ್ತಿಯಾಗಿ ಸೇಡಂಗೆ ಮುಖ್ಯೋಪಾಧ್ಯಾಯಿನಿ ಎಂದು ಆರ್ಡರು ಬಂದದ್ದು ತೊಂಬತ್ತೆಂಟರ ಸಂಕ್ರಾಂತಿಯ ಹೊತ್ತಿಗೆ. ಆನಂದತೀರ್ಥರು ವಾಡಿ ಜಂಕ್ಷನ್ನಿನ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತರು. ಶಹಾಬಾದಿನಿಂದ ಬಂದರೂ, ಸೇಡಂನಿಂದ ಬಂದರೂ ಅವರಿಗೆ ರೈಲೇ ಗತಿ. ಒಬ್ಬಳೇ ಮಗಳು ಪ್ರಮಿತಾ ಗುಲಬರ್ಗಾದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಶಹಾಬಾದಿನ ಮನೆ ಮಾರಿ ಸೇಡಂನಲ್ಲಿ ಕೊಳ್ಳೋಣವೆಂದು ನರ್ಮದಾ ಮೊದಲು ಹೇಳಿದ್ದಳು. ಆನಂದತೀರ್ಥರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆ ಮನೆಯನ್ನು ಕಟ್ಟಿಸುವಾಗ ಡ್ಯೂಟಿ ಮುಗಿಸಿ ಬಂದು ಪ್ರತಿ ಸಂಜೆ ಗೋಡೆಗೆ ನೀರು ಹಾಕಿದವರು ಅವರು. ಗಂಡನ ಮುಖ ನೋಡಿ ನರ್ಮದಾ ತಾನೇ ಇನ್ನೊಂದು ದಾರಿ ಕಂಡುಹಿಡಿದಳು. ಅದನ್ನು ಬಾಡಿಗೆಗೆ ಕೊಡೋಣ, ಇದಕ್ಕೆ ಸಾಲ ಮಾಡೋಣ, ಆ ಬಾಡಿಗೆ ಈ ಕಂತಿಗೆ ಜೊತೆಯಾಗುತ್ತದೆ ಎಂದಳು. ಕೇಳುವಾಗ ಎಲ್ಲ ಸರಳವಾಗಿತ್ತು.

"ಈಗ ಏನ್ ಮಾಡೋದ್ರಿ?" ಎಂದಳು ನರ್ಮದಾ ಹೊಸಿಲಿನಿಂದಲೇ.

ಅಷ್ಟರಲ್ಲಿ ಕಲ್ಯಾಣಪ್ಪನವರ ಹೆಂಡತಿ ಮಹಾದೇವಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಎತ್ತರದ ಆಳು, ಹಣೆಯ ತುಂಬ ವಿಭೂತಿ.

"ಏನ್ ಮಾಡೋದು ಅಂದ್ರ? ಒಳಗ ಬಾ ತಂಗಿ. ನಿನ್ನ ಮನಿಗೆ ನೀ ಬರ್ಲಿಕ್ಕ ಯಾರಿಗಿ ಕೇಳ್ಬೇಕು? ಮುಂದಿನ ಎರಡು ಖೋಲಿ ನೀವು ಇಟಗೋರಿ, ಹಿಂದಿನ ಎರಡು ನಮಗಿರ್ಲಿ. ಚಿಂಚೋಳಿದು ಖಾಲಿ ಆಗೋ ತನ."

ಹೀಗೆ ಅವರು ಗೃಹಪ್ರವೇಶ ಮಾಡಿದರು.

ಮೊದಲ ವಾರದಲ್ಲಿಯೇ ಆನಂದತೀರ್ಥರಿಗೆ ತಲೆ ಗೋಜಲಾಯಿತು. ಹಾಲಿನವನು ಬಂದು, "ಸಾವಕಾರ್ರ ಮನ್ಯಾಗ ಹೊಸದಾಗಿ ಬಾಡಿಗಿ ಬಂದೋರು ನೀವೇ ಏನ್ರಿ?" ಎಂದು ಕೇಳಿದ. ಅವರು ಅಲ್ಲ ಎನ್ನಬೇಕೆಂದು ಬಾಯಿ ತೆರೆದರು. ಕಲ್ಯಾಣಪ್ಪನವರು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದರು. ಆ ವಯಸ್ಸಾದ ಮನುಷ್ಯನ ಎದುರಿಗೆ ಮನೆ ನನ್ನದು ಎನ್ನುವುದು ಹೇಗೆ? "ಹೌದಪ್ಪ, ಅರ್ಧ ಲೀಟರ್ ಹಾಕು," ಎಂದುಬಿಟ್ಟರು. ಆ ದಿನದಿಂದ ಇಡೀ ಓಣಿಗೆ ಅವರು ಕಲ್ಯಾಣಪ್ಪನವರ ಬಾಡಿಗೆಯವರಾದರು. ನರ್ಮದಾಳ ಶಾಲೆಯ ಹುಡುಗಿಯರೂ "ಬಾಯಾರು ಸಾವಕಾರ್ರ ಮನ್ಯಾಗ ಇರ್ತಾರ" ಎನ್ನತೊಡಗಿದರು.

ಇತ್ತ ಕಲ್ಯಾಣಪ್ಪನವರು ತಿಂಗಳು ತುಂಬಿದ ದಿನ ಎಲೆ ಅಡಿಕೆಯ ತಟ್ಟೆಯಲ್ಲಿ ಒಂದಿಷ್ಟು ನೋಟು ಇಟ್ಟು ತಂದು ಆನಂದತೀರ್ಥರ ಮುಂದೆ ಹಿಡಿದರು.

"ಇದೇನ್ರಿ ಸಾವಕಾರ್ರ?"

"ಬಾಡಿಗಿ. ನಿಮ್ಮ ಮನ್ಯಾಗ ಇದ್ದ ಮ್ಯಾಲ ಪುಕ್ಕಟ ಇರೋದು ನ್ಯಾಯ ಅಲ್ಲ."

ಆನಂದತೀರ್ಥರು ಬೇಡವೆಂದು ತಟ್ಟೆ ತಳ್ಳಿದರು. ಕಲ್ಯಾಣಪ್ಪನವರು ಮತ್ತೆ ಮುಂದಕ್ಕೆ ಸರಿಸಿದರು. ಕೊನೆಗೆ ಎಲೆ ಅಡಿಕೆ ಇಬ್ಬರೂ ತಿಂದರು, ನೋಟು ತಟ್ಟೆಯಲ್ಲೇ ಉಳಿದು ಎರಡು ದಿನ ಪಡಸಾಲೆಯ ಗೂಡಿನಲ್ಲಿ ಯಾರದೂ ಅಲ್ಲದ ಹಾಗೆ ಬಿದ್ದಿದ್ದವು. ಮೂರನೆಯ ದಿನ ಮಹಾದೇವಮ್ಮ ಅದನ್ನು ತೆಗೆದು ಎರಡೂ ಸಂಸಾರಕ್ಕೆ ಆಗುವಷ್ಟು ಜೋಳ ತರಿಸಿಬಿಟ್ಟರು.

ನರ್ಮದಾಳ ಪಾಡು ಇನ್ನೊಂದು ಬಗೆ. ಅಡುಗೆ ಮನೆ ಒಂದೇ. ಮಹಾದೇವಮ್ಮ ಯಾರೂ ಹೇಳದೆಯೇ ಬೆಳ್ಳುಳ್ಳಿ, ಉಳ್ಳಾಗಡ್ಡಿಯ ಅಡುಗೆಯನ್ನು ಹಿತ್ತಲಿಗೆ ಒಯ್ದು, ಕಟ್ಟಿಗೆಯ ಒಲೆ ಹೂಡಿ, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ರೊಟ್ಟಿ ಬಡಿಯುತ್ತಿದ್ದರು. ನರ್ಮದಾ ಮಡಿಯುಟ್ಟು ಒಳಗೆ ಗ್ಯಾಸಿನ ಮುಂದೆ ನಿಂತು ಅದನ್ನು ಕಿಟಕಿಯಿಂದ ನೋಡುವಳು. ಬೇಡ ಎನ್ನಲು ಬಾಯಿ ಬರದು, ಸುಮ್ಮನಿರಲು ಮನಸ್ಸು ಬಾರದು.

ಒಂದು ರವಿವಾರ ಅವಳು ಪಡಸಾಲೆಯಲ್ಲಿ ಪಂಚಾಂಗ ತೂಗುಹಾಕಲು ಮೊಳೆ ಹಿಡಿದು ನಿಂತಳು.

"ಅಕ್ಕಾರ, ಇಲ್ಲಿ ಮೊಳಿ ಹೊಡೀಲೇನ್ರಿ?"

"ಅಲ್ಲಿ ಬ್ಯಾಡ ತಂಗಿ, ಗ್ವಾಡಿ ಬಿರುಕು ಬಿಡ್ತದ. ಆ ಕಿಟಕಿ ಬಾಜೂಕ ಹೊಡಿ," ಎಂದರು ಮಹಾದೇವಮ್ಮ ಒಳಗಿನಿಂದ.

ನರ್ಮದಾ ಕಿಟಕಿಯ ಪಕ್ಕ ಹೊಡೆದಳು. ಪಂಚಾಂಗ ತೂಗುಹಾಕಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದವಳು ಒಮ್ಮೆಲೇ ಗಂಡನ ಕಡೆ ತಿರುಗಿದಳು. ಕಣ್ಣಲ್ಲಿ ನೀರು ನಿಂತಿತ್ತು, ತುಟಿಯಲ್ಲಿ ನಗು.

"ಏನ್ರಿ ಇದು? ನನ್ನ ಗ್ವಾಡಿಗೆ ನಾ ಮೊಳಿ ಹೊಡೀಲಿಕ್ಕ ಪರವಾನಗಿ ಕೇಳಿದೆನಲ್ರಿ!"

ಅದೇ ವಾರ ಪ್ರಮಿತಾ ಹಾಸ್ಟೆಲಿನಿಂದ ಪಾರ್ಸಲ್ ಆಫೀಸಿಗೆ ಫೋನು ಮಾಡಿ, "ಅಪ್ಪ, ಸೂಟಿಗೆ ನಾ ಯಾವ ಮನೀಗ ಬರ್ಲಿ?" ಎಂದು ಕೇಳಿದ್ದಳು. ಅವರು "ಸದ್ಯ ನೀ ಅಜ್ಜಿ ಕಡೆ ಹೋಗು" ಎಂದಿದ್ದರು.

ಮೇ ಮುಗಿಯುತ್ತ ಬಂದಿತ್ತು. ವಾಡಿಯಲ್ಲಿ ಅಂದು ಪಾರ್ಸಲ್ ಬಹಳ. ಸಿಮೆಂಟಿನ ಧೂಳು, ಬಿಸಿಗಾಳಿ, ಹೊತ್ತು ಇಳಿಯುವವರೆಗೆ ಕತ್ತೆತ್ತಲು ಬಿಡುವಾಗಲಿಲ್ಲ. ಡ್ಯೂಟಿ ಮುಗಿಸಿ ಚೀಲ ಹೆಗಲಿಗೇರಿಸಿ ಪ್ಲಾಟ್‌ಫಾರಂಗೆ ಬಂದಾಗ ಎದುರಿಗೆ ಪ್ಯಾಸೆಂಜರ್ ಗಾಡಿ ನಿಂತಿತ್ತು. ಹತ್ತಿದರು. ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಜೋಂಪು ಹತ್ತಿತು. ಕಾಲು ತಾನಾಗಿ ಇಳಿಸಿದ ಕಡೆ ಇಳಿದರು, ಕಾಲು ಒಯ್ದ ಕಡೆ ನಡೆದರು. ಫರಸಿ ಕಲ್ಲಿನ ಅಂಗಳದ ಗೇಟು ತೆಗೆದು, ಚಪ್ಪಲಿ ಬಿಟ್ಟು, ನಲ್ಲಿಯ ಕೆಳಗೆ ಕಾಲು ತೊಳೆಯುತ್ತಿದ್ದರು.

"ಕೌನ್ ಹೈ ಜೀ?" ಎಂದು ಒಳಗಿನಿಂದ ಒಂದು ದನಿ ಗಾಬರಿಯಿಂದ ಕೂಗಿತು.

ಆನಂದತೀರ್ಥರು ತಲೆ ಎತ್ತಿದರು. ಬಾಗಿಲಲ್ಲಿ ರಹೀಮಾ, ಕೈಯಲ್ಲಿ ಲಟ್ಟಣಿಗೆ. ಆಗ ಅವರಿಗೆ ತಾವು ಶಹಾಬಾದಿಗೆ ಬಂದಿದ್ದೇವೆ ಎಂದು ತಿಳಿಯಿತು. ಕಾಲಿಗೆ ನೀರು ಬೀಳುತ್ತಲೇ ಇತ್ತು. ನಲ್ಲಿ ನಿಲ್ಲಿಸುವುದೂ ಹೊಳೆಯಲಿಲ್ಲ.

"ನಾನ್ರಿ... ಮನಿ... ಈ ಮನಿ..." ಎಂದು ತಡವರಿಸಿದರು.

ಗುಲ್ಶನ್ ಹೊರಗೆ ಬಂದಳು. ಆಗಷ್ಟೇ ದವಾಖಾನೆಯಿಂದ ಬಂದಿದ್ದಿರಬೇಕು, ಇನ್ನೂ ಬಿಳಿ ಸೀರೆಯಲ್ಲಿದ್ದಳು. "ಅಯ್ಯ, ಕಾಕಾ! ಬರ್ರಿ ಒಳಗ. ಅಮ್ಮೀ, ಮನಿ ಮಾಲಕರು ಅವರು."

ಮನೆ ಮಾಲಕರು. ಈ ಎರಡು ತಿಂಗಳಲ್ಲಿ ಆ ಮಾತು ಅವರ ಕಿವಿಗೆ ಬಿದ್ದದ್ದು ಅದೇ ಮೊದಲು. ಆದರೂ ಒಳಗೆ ಹೋದಾಗ ಅವಳು ಖುರ್ಚಿ ಸರಿಸಿ ಕೂಡಿಸಿದಳು, ತಾವು ನೆಂಟರ ಹಾಗೆ ಕೂತರು. ದೇವರ ಗೂಡಿನಲ್ಲಿ ಈಗ ಔಷಧಿ ಬಾಟಲಿ, ಒಂದು ರೇಡಿಯೊ. ಅಂಗಳದ ತುಳಸಿಗೆ ಮಾತ್ರ ಯಾರೋ ನೀರು ಹಾಕುತ್ತಿದ್ದರು, ಚಿಗುರಿತ್ತು. ನೆಲದ ಕಲ್ಲುಗಳು ಎಷ್ಟು ತಣ್ಣಗೆ! ಸೇಡಂನಲ್ಲಿ ಇಷ್ಟು ದಿನ ನಿದ್ದೆ ಯಾಕೆ ಬರುತ್ತಿರಲಿಲ್ಲ ಎಂದು ಅವರ ಅಂಗಾಲಿಗೆ ತಿಳಿದ ಹಾಗಾಯಿತು.

ಚಹಾ ಕೊಟ್ಟು ಗುಲ್ಶನ್ ಎದುರಿಗೆ ನಿಂತಳು. "ಛಲೋ ಆತು ಬಂದ್ರಿ ಕಾಕಾ. ಪಡಸಾಲಿ ಮ್ಯಾಲಿನ ಮಾಳಿಗಿ ಕಲ್ಲಿನ ಸಂದಿ ಬಾಯಿ ಬಿಟ್ಟದ. ಮಳಿ ಬರೂದ್ರೊಳಗ ಗಚ್ಚು ಹಾಕಿಸಿದ್ರ..."

ಆನಂದತೀರ್ಥರು ಕೇಳಿಸಿಕೊಳ್ಳಲಿಲ್ಲ. ಅವರ ತಲೆಯಲ್ಲಿ ಕಲ್ಯಾಣಪ್ಪನವರ ಚಿಂಚೋಳಿಯ ಬಾಡಿಗೆಯವನು ಓಡಾಡುತ್ತಿದ್ದ. ಇವತ್ತು ಬಿಡ್ತೀನಿ, ನಾಳಿ ಬಿಡ್ತೀನಿ. ನಾಳೆ ತಮಗೂ ಹಾಗೇ ಆದರೆ? ಆ ಮನೆಯೂ ತಮ್ಮದಲ್ಲ, ಈ ಮನೆಯೂ ಕೈಬಿಟ್ಟರೆ? ಅವರ ಬಾಯಿಂದ ಮಾತು ಜಾರಿತು.

"ನೀವು ಯಾವಾಗ ಬಿಡ್ತೀರಿ?"

ಗುಲ್ಶನ್ ಮುಖದ ಮೇಲಿನ ನಗು ಹಾಗೇ ನಿಂತಿತು. ರಹೀಮಾ ಒಲೆಯ ಕಡೆಯಿಂದ ತಿರುಗಿ ನೋಡಿದಳು.

"ಬಂದು ಇನ್ನ ಎರಡು ತಿಂಗಳಾಗಿಲ್ಲಲ್ರಿ ಕಾಕಾ," ಎಂದಳು ಗುಲ್ಶನ್ ನಿಧಾನವಾಗಿ. "ಏನರ ತಪ್ಪಾತೇನ್ರಿ ನಮ್ಮಿಂದ?"

"ಛೆ ಛೆ, ಹಂಗಲ್ಲಮ್ಮ. ಸುಮ್ಮ ಕೇಳ್ದೆ. ಸುಮ್ಮ." ಅವರು ಚಹಾ ಅರ್ಧಕ್ಕೇ ಇಟ್ಟು ಎದ್ದರು. ಗಚ್ಚಿನ ಮಾತಿಗೆ ಹೂಂ ಎಂದರೋ ಇಲ್ಲವೋ ನೆನಪಿಲ್ಲ. ಅಂದು ಸೇಡಂ ತಲುಪುವಾಗ ಬಹಳ ತಡವಾಗಿತ್ತು. ಎಲ್ಲಿ ಹೋಗಿದ್ದಿರೆಂದು ನರ್ಮದಾ ಕೇಳಿದರೆ "ಮನೀಗ" ಎಂದರು. ಅವಳು ಅವರ ಮುಖವನ್ನೇ ನೋಡಿ, ಮುಂದೆ ಕೇಳದೆ, ತಾಟು ಹಾಕಿದಳು.

ಮರುದಿನ ನರ್ಮದಾ ತಾನಾಗಿ ಮಾತು ತೆಗೆದಳು. "ಹಿಂಗ ಎಷ್ಟು ದಿವಸಾರಿ? ಆ ನರ್ಸಬಾಯಿಗೆ ಖಾಲಿ ಮಾಡು ಅನ್ರಿ. ನಾವು ಹೊಳ್ಳಿ ಅಲ್ಲೇ ಹೋಗೋಣು. ನಾ ಬಸ್ಸಿನ್ಯಾಗ ಓಡಾಡ್ತೀನಿ."

"ಅಕಿ ಎಲ್ಲಿ ಹೋಗ್ಬೇಕು?"

"ಹಂಗಾದ್ರ ಸಾವಕಾರ್ರಿಗೆ ಹೇಳ್ರಿ."

"ಅವರು ಎಲ್ಲಿ ಹೋಗ್ಬೇಕು?"

"ಎಲ್ಲಾರ ಚಿಂತಿನೂ ನೀವ ಮಾಡ್ರಿ," ಎಂದಳು ನರ್ಮದಾ, ಸಿಟ್ಟಿನಿಂದಲ್ಲ, ದಣಿವಿನಿಂದ. "ಒಬ್ಬರು ಎದ್ದ ಹೊರತು ಇನ್ನೊಬ್ಬರು ಕೂಡ್ಲಿಕ್ಕ ಆಗಂಗಿಲ್ಲ. ಆ ಚಿಂಚೋಳಿಯವನ ಹತ್ರ ನೀವರ ಒಮ್ಮೆ ಸಾವಕಾರ್ರ ಸಂಗಾಟ ಹೋಗಿ ಬರ್ರಿ. ಅವರೊಬ್ಬರ ಕೈಲಿ ಆಗೂದಲ್ಲ ಅದು."

ಹೀಗೆ ಜೂನಿನ ಮೊದಲ ಮಳೆ ಬಿದ್ದ ಮೇಲೆ ಒಂದು ರಜೆಯ ದಿನ ಆನಂದತೀರ್ಥರು, ಕಲ್ಯಾಣಪ್ಪನವರು ಚಿಂಚೋಳಿ ಬಸ್ಸು ಹಿಡಿದರು. ಹೊರಡುವ ಹೊತ್ತಿಗೆ ಮಹಾದೇವಮ್ಮನೂ ಒಂದು ದೊಡ್ಡ ಚೀಲ ಹೊತ್ತು ಬಂದು ಬಸ್ಸು ಹತ್ತಿದರು. ನೀನ್ಯಾಕ ಎಂದು ಗಂಡ ಕೇಳಿದ್ದಕ್ಕೆ, "ನನ್ನ ಮನಿ ನಾ ನೋಡಬಾರ್ದೇನು?" ಎಂದಷ್ಟೇ ಹೇಳಿ ಕಿಟಕಿಯ ಕಡೆ ಮುಖ ಮಾಡಿದರು.

ದಾರಿಯಲ್ಲಿ ಕಲ್ಯಾಣಪ್ಪನವರು ತಮ್ಮ ಕತೆ ಹೇಳಿದರು. ಸೇಡಂನ ದಾಲ್ ವ್ಯಾಪಾರವನ್ನು ತಮ್ಮನಿಗೆ ಬಿಟ್ಟುಕೊಟ್ಟಾಗಿತ್ತು. ಚಂದ್ರಂಪಳ್ಳಿ ಕಾಲುವೆಯ ಕೆಳಗೆ ನಾಲ್ಕೆಕರೆ ಹೊಲ, ಚಿಂಚೋಳಿಯಲ್ಲಿ ಮಾವನ ಕಡೆಯಿಂದ ಬಂದ ಮನೆ. ಇನ್ನು ಮುಂದೆ ಹೊಲ ನೋಡಿಕೊಂಡು ಅಲ್ಲಿರುವುದೆಂದು ಗಂಡ ಹೆಂಡತಿ ಆಸೆಪಟ್ಟಿದ್ದರು. ಆ ಮನೆಯಲ್ಲಿ ಅಶೋಕಕುಮಾರ ಎಂಬ ಗೊಬ್ಬರದಂಗಡಿಯವನು ಹನ್ನೊಂದು ವರ್ಷದಿಂದ ಇದ್ದ.

"ಬಾಡಿಗಿ ಏನು ಕೊಡ್ತಾನ್ರಿ?" ಎಂದರು ಆನಂದತೀರ್ಥರು.

"ಬಂದಾಗ ಏನು ಕೊಡ್ತಿದ್ದ, ಅದ. ಹೆಚ್ಚು ಮಾಡು ಅಂತ ನಾ ಎಂದೂ ಕೇಳಿಲ್ಲ. ಯಾಕ ಕೇಳ್ಬೇಕು? ಛಲೋ ಮನಷ್ಯಾ."

ಅಶೋಕಕುಮಾರ ನಿಜಕ್ಕೂ ಛಲೋ ಮನುಷ್ಯನೇ. ಓಡಿ ಬಂದು ಕಾಲು ಮುಟ್ಟಿದ, ಚಾಪೆ ಹಾಸಿದ, ಮಳೆಯ ಮಾತು ತೆಗೆದ. ಕಲ್ಯಾಣಪ್ಪನವರೂ ಮಳೆಯ ಮಾತಾಡಿದರು. ಹೆಸರು ಬಿತ್ತನೆಯ ಮಾತಾಯಿತು, ಕಾಲುವೆಯ ಹೂಳಿನ ಮಾತಾಯಿತು. ಮನೆಯ ಮಾತು ಯಾರ ಬಾಯಲ್ಲೂ ಇಲ್ಲ. ಆನಂದತೀರ್ಥರು ಎರಡು ಸಲ ಕೆಮ್ಮಿದರು. ಕಲ್ಯಾಣಪ್ಪನವರು ಅವರ ಕಡೆ ನೋಡಿ, "ರಾಯರಿಗೆ ಥಂಡಿ ಆಗ್ಯದ, ಬಿಸಿನೀರು ಕೊಡ್ರಿ," ಎಂದರು.

ಅಶೋಕಕುಮಾರನ ಹೆಂಡತಿ ಉಮಾದೇವಿ ನೀರು ತಂದಳು. ಎಳೆಯ ವಯಸ್ಸಿನ, ಮಾತಿನ ಹೆಣ್ಣು. ಮಹಾದೇವಮ್ಮ ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, "ನಿಮ್ಮದು ಸ್ವಂತ ಜಾಗಾ ಏನೂ ಇಲ್ಲೇನವ್ವ?" ಎಂದು ಸಹಜವಾಗಿ ಕೇಳಿದರು.

"ಅದರಿ ಅವ್ವಾರ. ಬಸ್‌ಸ್ಟ್ಯಾಂಡ್ ಹಿಂದ ಆರ್‌ಸಿಸಿ ಮನಿ ಕಟ್ಟಿಸೀವಿ. ಮೂರು ವರ್ಷ ಆತು. ಅದನ್ನ ಒಂದು ಆಫೀಸಿನವರಿಗೆ ಬಾಡಿಗಿ ಕೊಟ್ಟೀವ್ರಿ, ಭಾಳ ಛಲೋ ಬಾಡಿಗಿ ಬರ್ತದ..."

ಅಶೋಕಕುಮಾರ ಹೆಂಡತಿಯ ಕಡೆ ನೋಡಿದ. ಅವಳು ಅರ್ಧಕ್ಕೇ ನಿಲ್ಲಿಸಿದಳು. ಕಲ್ಯಾಣಪ್ಪನವರು ಹೆಗಲ ಮೇಲಿನ ವಸ್ತ್ರ ತೆಗೆದು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ತಮ್ಮ ಅಗ್ಗದ ಮನೆಯಲ್ಲಿ ಕೂತು ಇವನು ತನ್ನ ಮನೆಯನ್ನು ಹೆಚ್ಚಿನ ಬಾಡಿಗೆಗೆ ಕೊಟ್ಟಿದ್ದಾನೆಂಬುದು ಅವರಿಗೆ ನಿಧಾನಕ್ಕೆ ಒಳಗಿಳಿಯುತ್ತಿದ್ದುದನ್ನು ಆನಂದತೀರ್ಥರು ನೋಡಿದರು. ಸಿಟ್ಟು ಬರುತ್ತದೆಂದು ಕಾದರು. ಬರಲಿಲ್ಲ. "ಹಂಗಾ," ಎಂದರು ಕಲ್ಯಾಣಪ್ಪನವರು, ಅಷ್ಟೇ.

ಆನಂದತೀರ್ಥರಿಗೆ ಒಳಗೊಳಗೇ ಕುದಿಯಿತು. ಆದರೆ ಮಾತಾಡಲು ಹೋದರೆ ಗೊಂದಲ. ಬಾಡಿಗೆಗಾಗಿ ತನ್ನ ಮನೆ ಇನ್ನೊಬ್ಬರಿಗೆ ಕೊಟ್ಟು ತಾನು ಬೇರೆ ಕಡೆ ಇರುವುದು ತಪ್ಪೆಂದರೆ, ತಾವು ಮಾಡಿದ್ದೇನು? ಇವನಿಗೂ ತಮಗೂ ಇರುವ ವ್ಯತ್ಯಾಸ ಎಲ್ಲಿ ಶುರುವಾಗುತ್ತದೆ ಎಂದು ಹುಡುಕುತ್ತ ಕೂತರು.

ಮಹಾದೇವಮ್ಮ ಹುಡುಕಲಿಲ್ಲ. ಚೀಲ ಎತ್ತಿಕೊಂಡು ಎದ್ದವರು ನೇರ ಅಡುಗೆ ಮನೆಗೆ ಹೋದರು. ಚೀಲದಿಂದ ಎರಡು ಸೀರೆ, ಲಿಂಗಪೂಜೆಯ ಸಾಮಾನು, ರೊಟ್ಟಿಯ ಗಂಟು ತೆಗೆದು ಕಟ್ಟೆಯ ಮೇಲಿಟ್ಟರು.

"ಅವ್ವಾರ, ಇದೇನ್ರಿ?" ಎಂದ ಅಶೋಕಕುಮಾರ ಬಾಗಿಲಲ್ಲಿ ನಿಂತು.

"ನಾ ಇಲ್ಲೇ ಇರ್ತೀನಪ್ಪ. ನೀವೂ ಇರ್ರಿ. ನಿಮಗ ಹೋಗು ಅಂತ ಯಾರಂದಾರ? ಸೇಡಂನ್ಯಾಗ ಎರಡು ಮನಿತನದವರು ಒಂದ ಒಲಿ ಮುಂದ ಇದ್ದೀವಿ. ಅಲ್ಲಿ ಆಗೂದು ಇಲ್ಲಿ ಯಾಕ ಆಗಬಾರ್ದು? ಮುಂದಿನ ಖೋಲಿ ನಿಮಗ, ಹಿಂದಿಂದು ನಮಗ."

"ಹಂಗ ಹ್ಯಾಂಗ ಆಗ್ತದ್ರಿ ಅವ್ವಾರ, ಜರಾ ವಿಚಾರ ಮಾಡ್ರಿ..."

"ನೀ ವಿಚಾರ ಮಾಡ್ಕೊಂತ ಇರು. ನಾ ಅಲ್ಲಿ ತನ ಅಡಗಿ ಮಾಡ್ತೀನಿ," ಎಂದು ಮಹಾದೇವಮ್ಮ ಸೆರಗು ಸಿಕ್ಕಿಸಿದರು.

ಸಂಜೆಯ ಬಸ್ಸಿಗೆ ಆನಂದತೀರ್ಥರು ಒಬ್ಬರೇ ಮರಳಿದರು. ಹೆಂಡತಿಯನ್ನು ಬಿಟ್ಟು ಬರಲಾಗದೆ ಕಲ್ಯಾಣಪ್ಪನವರೂ ಅಲ್ಲೇ ಉಳಿದಿದ್ದರು. ಬಸ್‌ಸ್ಟ್ಯಾಂಡಿನವರೆಗೆ ಬಂದು ಬೀಳ್ಕೊಡುವಾಗ, "ಅಕಿ ಹಿಂಗ ಮಾಡ್ತಾಳಂತ ನನಗೂ ಗೊತ್ತಿರ್ಲಿಲ್ಲ ರಾಯರ," ಎಂದು ಮಗುವಿನ ಹಾಗೆ ನಕ್ಕರು.

ಮೂರು ವಾರದಲ್ಲಿ ಅಶೋಕಕುಮಾರ ಆಫೀಸಿನವರನ್ನು ಎಬ್ಬಿಸಿ ತನ್ನ ಆರ್‌ಸಿಸಿ ಮನೆಗೆ ಹೋದ. ಜಗಳವೇನೂ ಆಗಲಿಲ್ಲವಂತೆ. ಉಮಾದೇವಿ ಹೋಗುವಾಗ ಮಹಾದೇವಮ್ಮನನ್ನು ಅಪ್ಪಿಕೊಂಡು ಅತ್ತಳಂತೆ. ಸಾಮಾನು ಒಯ್ಯಲು ಸೇಡಂಗೆ ಬಂದ ಕಲ್ಯಾಣಪ್ಪನವರು ಇದನ್ನೆಲ್ಲ ಹೇಳಿ, ಬಂಡಿ ಹೇರಿಸಿ, ಕೀಲಿಕೈಗಳ ಗೊಂಚಲನ್ನು ಆನಂದತೀರ್ಥರ ಕೈಯಲ್ಲಿಟ್ಟರು. ಮನೆ ಆ ಸಂಜೆ ಒಮ್ಮೆಲೇ ದೊಡ್ಡದಾಯಿತು. ನರ್ಮದಾ ಹಿಂದಿನ ಕೋಣೆಗಳನ್ನು ಗುಡಿಸಿ, ಹಿತ್ತಲಿನ ಒಲೆಯ ಬೂದಿ ಬಳಿದು ಹಾಕಲು ಹೋದವಳು ಅದರ ಮುಂದೆ ಬಹಳ ಹೊತ್ತು ಕೂತಳು.

"ಖುಷಿ ಆಗ್ಬೇಕಲ್ರಿ ಈಗ? ಆಗವಲ್ದು," ಎಂದಳು.

ಆನಂದತೀರ್ಥರಿಗೂ ಆಗಿರಲಿಲ್ಲ. ಆದರೆ ಹಾಗೆ ಹೇಳಿದರೆ ಅವಳಿಗೆ ಇನ್ನೂ ಬೇಸರವಾದೀತೆಂದು, "ರೂಢಿ ಆಗ್ತದ ಬಿಡು," ಎಂದರು.

ಮರುವಾರ ಪಾರ್ಸಲ್ ಆಫೀಸಿಗೆ ಶಹಾಬಾದಿನ ಪೋರ್ಟರ್ ಬಂದೇಅಲಿ ಬಂದು ಒಂದು ಕೀಲಿಕೈಯನ್ನು ಮೇಜಿನ ಮೇಲಿಟ್ಟ. "ನರ್ಸಬಾಯಿ ಕೊಟ್ಟಾರ್ರಿ ಸಾಬ್. ಮನಿ ಖಾಲಿ ಮಾಡ್ಯಾರಂತ. ದವಾಖಾನಿ ಕ್ವಾರ್ಟರ್ಸಿಗೆ ಹೋದ್ರು."

ಆ ಸಂಜೆ ಆನಂದತೀರ್ಥರು ಬೇಕೆಂದೇ ಶಹಾಬಾದಿನ ಗಾಡಿ ಹತ್ತಿದರು. ಮನೆಯ ಬೀಗ ತೆಗೆದು ಒಳಗೆ ನಿಂತರು. ಪಡಸಾಲೆಯ ಕಲ್ಲಿನ ಮೇಲೆ ಸೋರಿದ ನೀರು ಕೆರೆಯ ಹಾಗೆ ನಿಂತಿತ್ತು. ಗುಲ್ಶನ್ ಕೇಳಿದ ಗಚ್ಚನ್ನು ಅವರು ಹಾಕಿಸಿರಲಿಲ್ಲ, ಮರೆತೇಬಿಟ್ಟಿದ್ದರು. ಉಳಿದಂತೆ ಮನೆ ಕನ್ನಡಿಯ ಹಾಗೆ ತೊಳೆದಿಟ್ಟಿತ್ತು. ಈಗ ಎರಡು ಮನೆಯೂ ಅವರವೇ. ಬೇಕಾದರೆ ಇಲ್ಲೇ ಮಲಗಬಹುದು. ಆದರೆ ಅಲ್ಲಿ ನಿಂತಷ್ಟು ಹೊತ್ತೂ ಯಾರೋ ಬೇರೆಯವರ ಮನೆಗೆ ಕೇಳದೆ ಬಂದ ಹಾಗೆ ಮೈ ಹಿಡಿಯಾಯಿತು. ಬೀಗ ಹಾಕಿ ದವಾಖಾನೆಯ ಕಡೆ ನಡೆದರು.

ಕ್ವಾರ್ಟರ್ಸ್ ಎಂದರೆ ಒಂದೇ ಕೋಣೆ, ಮೇಲೆ ತಗಡು. ರಹೀಮಾ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಗುಲ್ಶನ್ ಅವರನ್ನು ನೋಡಿ ಎದ್ದು ನಿಂತಳು.

"ಕೀಲಿಕೈ ಮುಟ್ಟಿತಿಲ್ರಿ ಕಾಕಾ?"

"ಮುಟ್ಟಿತಮ್ಮ. ಯಾಕ ಬಿಟ್ರಿ? ನಾ ಬಿಡ್ರಿ ಅಂದಿರ್ಲಿಲ್ಲ."

"ಯಾವಾಗ ಬಿಡ್ತೀರಿ ಅಂತ ಕೇಳಿದ್ರಲ್ರಿ. ಅದಕಿಂತ ಇನ್ನೇನು ಹೇಳ್ಬೇಕು ಮಾಲಕರು?" ದನಿಯಲ್ಲಿ ಸಿಟ್ಟಿರಲಿಲ್ಲ. "ಅಮ್ಮೀಗೆ ಅವತ್ತಿನಿಂದ ನಿದ್ದಿ ಹತ್ತಲಿಲ್ರಿ. ಗೇಟು ಸಪ್ಪಳಾದ್ರ ಸಾಕು, ಮಾಲಕರು ಬಂದ್ರು ಅಂತಿದ್ಳು. ಕ್ವಾರ್ಟರ್ಸ್ ಖಾಲಿ ಆತು, ಬಂದ್ಬಿಟ್ವಿ."

ಸೇಡಂ, ಚಿಂಚೋಳಿ, ಕಲ್ಯಾಣಪ್ಪನವರು, ತಪ್ಪಿ ಹತ್ತಿದ ಗಾಡಿ, ಎಲ್ಲಿಂದ ಶುರು ಮಾಡಿ ಹೇಳಿದರೆ ಇವಳಿಗೆ ತಿಳಿದೀತು? "ಅವತ್ತು ನಾ ನಿಮ್ಮನ್ನ ಕೇಳಿದ್ದಲ್ಲಮ್ಮ," ಎಂದರು ಆನಂದತೀರ್ಥರು ಕಡೆಗೆ. "ನನ್ನ ಮನ್ಯಾಗ ಬ್ಯಾರೆಯವರಿದ್ರು. ಅವರಿಗೆ ಕೇಳ್ಲಿಕ್ಕ ಧೈರ್ಯ ಸಾಲದ ನಿಮಗ ಕೇಳ್ದೆ. ಹೊಳ್ಳಿ ಬರ್ತೀರೇನು? ಗಚ್ಚು ನಾಳೇನ ಹಾಕಸ್ತೀನಿ."

ಗುಲ್ಶನ್ ತಾಯಿಯ ಕಡೆ ನೋಡಿದಳು. ರಹೀಮಾ ಅಕ್ಕಿಯ ಮೊರದಿಂದ ತಲೆ ಎತ್ತದೆ ಇಲ್ಲವೆಂದು ತಲೆಯಾಡಿಸಿದಳು.

"ಬ್ಯಾಡ್ರಿ ಕಾಕಾ. ಇಲ್ಲಿ ಸಣ್ಣದಾದ್ರೂ ಅಕಿಗಿ ಫಿಕರ್ ಇಲ್ಲ," ಎಂದಳು ಗುಲ್ಶನ್. ತುಸು ತಡೆದು, "ನಮ್ಮ ವಾರ್ಡಿನ ಆಯಾ ಭಾಗಮ್ಮಗ ಮನಿ ಬೇಕಾಗ್ಯದ. ಗಂಡ, ಅತ್ತಿ, ಎರಡು ಮಕ್ಕಳು. ಕಳಸ್ಲೇನ್ರಿ?"

ಅವರು ಕಳಿಸೆಂದರು. ಮರುದಿನವೇ ರಜೆ ಹಾಕಿ, ಗೌಂಡಿಯನ್ನು ಕರೆದು ಮಾಳಿಗೆಯ ಸಂದಿಗೆಲ್ಲ ಗಚ್ಚು ತುಂಬಿಸಿದರು. ರವಿವಾರ ಭಾಗಮ್ಮನ ಸಂಸಾರ ತಳ್ಳುಗಾಡಿಯಲ್ಲಿ ಸಾಮಾನು ಹೇರಿಕೊಂಡು ಬಂತು. ಕೀಲಿಕೈ ತೆಗೆದುಕೊಂಡ ಭಾಗಮ್ಮ ಒಳಗೆ ಕಾಲಿಡದೆ ಅಂಗಳದಲ್ಲೇ ನಿಂತು, ಸಂಕೋಚದಿಂದ ಕೇಳಿದಳು.

"ಸಾಹೇಬ್ರ, ಮೊದಲ ಒಂದು ಮಾತು. ಎಷ್ಟು ದಿವಸ ಇರಬಹುದ್ರಿ ನಾವು ಇಲ್ಲಿ?"

ಹನ್ನೊಂದು ವರ್ಷ ಕೇಳದೆ ಕೂತ ಕಲ್ಯಾಣಪ್ಪನವರು ಒಂದು ಕಡೆ, ಎರಡು ತಿಂಗಳಿಗೇ ಕೇಳಿದ ತಾವು ಇನ್ನೊಂದು ಕಡೆ. ನಡುವೆ ಸರಿಯಾದ ಲೆಕ್ಕ ಎಲ್ಲಿದೆಯೋ ಅವರಿಗೆ ಇನ್ನೂ ಸಿಕ್ಕಿರಲಿಲ್ಲ.

"ನನಗೂ ಗೊತ್ತಿಲ್ಲಮ್ಮ," ಎಂದರು. "ನಮಗ ಬೇಕಾದ್ರ ಆರು ತಿಂಗಳ ಮೊದಲ ಬಾಯಿಬಿಟ್ಟು ಹೇಳ್ತೀನಿ. ಅಲ್ಲಿ ತನ ನಾ ಬಂದ್ರ ಬಾಡಿಗಿ ತೊಗೊಳ್ಳಿಕ್ಕ ಬಂದೀನಿ ಅಂತ ತಿಳೀರಿ, ಬಿಡಸ್ಲಿಕ್ಕ ಅಲ್ಲ."

ಭಾಗಮ್ಮನ ಅತ್ತೆ ಸೀಮೆಎಣ್ಣೆ ಸ್ಟೋವು ಹಚ್ಚಿ ಹಾಲು ಇಟ್ಟಳು. ಹಾಲು ಉಕ್ಕಿದಾಗ ಹಿರಿಯರು ಇರಬೇಕೆಂದು ಆನಂದತೀರ್ಥರನ್ನು ಒತ್ತಾಯದಿಂದ ಒಳಗೆ ಕರೆದು ಗೋಣಿಚೀಲದ ಮೇಲೆ ಕೂಡಿಸಿದರು. ಮಕ್ಕಳು ಕೋಣೆಯಿಂದ ಕೋಣೆಗೆ ಓಡಾಡಿ ನಾನಿಲ್ಲಿ ಮಲಗ್ತೀನಿ, ನೀ ಅಲ್ಲಿ ಎಂದು ಕಿತ್ತಾಡುತ್ತಿದ್ದವು. ಲೋಟದ ಹಾಲು ಬಹಳ ಬಿಸಿಯಿತ್ತು. ಆರಿಸಿ ಕುಡಿಯುವಷ್ಟರಲ್ಲಿ ವಾಡಿಯ ಗಾಡಿ ಹೋದ ಸದ್ದು ಕೇಳಿಸಿತು. ಇನ್ನೊಂದು ಗಾಡಿ ಬರಲು ಹೊತ್ತಿತ್ತು. ಆನಂದತೀರ್ಥರು ಎದ್ದು ತೋಳು ಮಡಚಿ, ತಳ್ಳುಗಾಡಿಯಿಂದ ಟ್ರಂಕು ಇಳಿಸುತ್ತಿದ್ದ ಭಾಗಮ್ಮನ ಗಂಡನಿಗೆ ಆ ಬದಿಯಿಂದ ಕೈ ಕೊಟ್ಟರು.